ಟೇಪು ಸುತ್ತುವಷ್ಟು ಹೊತ್ತು

ಹಾಡು ಕೇಳಲೆಂದೇ ಬಂದು ಕೂತ ಮನುಷ್ಯ, ಹಾಡು ಶುರುವಾಗುತ್ತಿದ್ದಂತೆ ಕಿವಿಯೊಳಗಿನ ಶ್ರವಣಯಂತ್ರವನ್ನು ಮೆಲ್ಲಗೆ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಕೋಟಿನ ಒಳಜೇಬಿಗೆ ಇಳಿಸಿಬಿಡುವುದನ್ನು ನಾನು ಈ ಲೋಕದಲ್ಲಿ ಕಂಡಿರುವುದು ಒಂದೇ ಕಡೆ, ಸಕಲೇಶಪುರದ ಕಾಫಿ ಮಿಲ್ಲಿನ ನಸ್ರುಲ್ಲಾ ಸಾಹೇಬರಲ್ಲಿ. ಮಾತು ನಡೆಯುವಷ್ಟು ಹೊತ್ತೂ ಯಂತ್ರ ಕಿವಿಯಲ್ಲೇ ಇರುತ್ತದೆ, ಕತ್ತು ಮಾತಾಡುವವರ ಕಡೆಗೇ ಬಾಗಿರುತ್ತದೆ, ಒಂದಕ್ಷರ ತಪ್ಪಿದರೂ ‘ಏನಂದ್ರಿ, ಇನ್ನೊಂದ್ಸಲ ಹೇಳಿ ಮಾರಾಯ್ರೆ’ ಎಂದು ಪೀಡಿಸುತ್ತಾರೆ. ಗಿಟಾರಿನ ತಂತಿ ಮಿಡಿಯಿತೋ, ಡ್ರಮ್ಮಿನ ಮೇಲೆ ಕೋಲು ಬಿತ್ತೋ, ಕರ್ಚೀಫು ಹೊರಬರುತ್ತದೆ. ಆಮೇಲೆ ಅವರು ಕಣ್ಣು ಅರೆಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ, ನಮಗ್ಯಾರಿಗೂ ಪ್ರವೇಶವಿಲ್ಲದ ಯಾವುದೋ ನಾದಲೋಕದಲ್ಲಿ ಸುಖವಾಗಿ ಕೂತಿರುತ್ತಾರೆ. ಹೊಸಬರು ಇದನ್ನು ನೋಡಿ ‘ಇದೆಂಥ ಸೊಕ್ಕಪ್ಪಾ’ ಅಂದುಕೊಂಡು ಹೋಗುವುದುಂಟು. ಅವರನ್ನು ದೂರಿ ಪ್ರಯೋಜನವಿಲ್ಲ, ಕಾರಣ ತಿಳಿಯಲು ನಮಗೇ ಒಂದು ಇಡೀ ಮಳೆಗಾಲ ಹಿಡಿಯಿತು.

ಎತ್ತರದ ಆಳು, ವಯಸ್ಸು ಎಪ್ಪತ್ತರ ಆಸುಪಾಸು. ಯೌವನವನ್ನೆಲ್ಲ ಲಾರಿಯ ಕಿಟಕಿಗೆ ಬಲ ಮೊಣಕೈ ಊರಿ ಕಳೆದವರಾದ್ದರಿಂದ ಬಲಭುಜ ಎಡದಕ್ಕಿಂತ ತುಸು ಮೇಲೇ ನಿಂತುಬಿಟ್ಟಿದೆ. ಬಜಾರಿನಲ್ಲಿ ಅವರು ನಡೆದುಬರುತ್ತಿದ್ದರೆ, ಕಾಣದ ಕಿಟಕಿಯೊಂದು ಅವರ ಪಕ್ಕದಲ್ಲೇ ನಡೆದುಬರುತ್ತಿದೆ ಅನ್ನಿಸುತ್ತದೆ. ಮೈಮೇಲೆ ಕಂದುಬಣ್ಣದ ಉಣ್ಣೆಯ ಕೋಟು. ಅದು ಜನವರಿಯ ಚಳಿಗೂ ಸರಿ, ಏಪ್ರಿಲ್ಲಿನ ಬಿಸಿಲಿಗೂ ಸರಿ. ಅವರ ಪತ್ನಿ ಸಯೀದಾ ಅವರ ದೂರು ಇದು: ‘ನಿಕಾ ಆದಾಗ ಕೋಟೂ ಜೊತೇಲೇ ಬಂತು ಕಣ್ರೀ. ಇಷ್ಟು ವರ್ಷ ಆಯ್ತು, ನನ್ ಮಾತಿಗೆ ಒಂದ್ಸಲ ಎದುರು ಮಾತಾಡಿದ್ರೆ ಕೇಳಿ, ಕೋಟು ಬಿಚ್ಚಿ ಅಂದ್ರೆ ಮಾತ್ರ ಕಿವಿ ಕೇಳ್ಸಲ್ಲ.’ ಆ ಕೋಟಿನ ಹೊರಜೇಬುಗಳಲ್ಲಿ ಸದಾ ಕಾಫಿ ಬೀಜ ತುಂಬಿರುತ್ತದೆ. ರೈತರು ತಂದ ಮೂಟೆಯಿಂದ ಬೀಜವೊಂದನ್ನು ತೆಗೆದು ದವಡೆಗೆ ಹಾಕಿ ಕಡಿದು, ಒಣಗಿದೆಯೋ ಇಲ್ಲವೋ ಹೇಳುವುದು ಅವರ ಕಸುಬು. ಮದುವೆಮನೆಯಲ್ಲಿ ಕೂತಾಗಲೂ ಅನ್ಯಮನಸ್ಕರಾಗಿ ಒಂದು ಬೀಜ ಬಾಯಿಗೆಸೆದು ಕಟುಂ ಎನ್ನಿಸುವುದು ಚಟ.

ಅವರ ಮಿಲ್ಲಿರುವುದು ಬಿ.ಎಂ. ರಸ್ತೆಯಿಂದ ಒಳಗೆ ಇಳಿಯುವ ಒಂದು ಓಣಿಯಲ್ಲಿ. ಒಣಗಿದ ಕಾಫಿ ಕಾಯಿಯ ಸಿಪ್ಪೆ ಬಿಡಿಸಿ ಬೀಜ ಮಾಡಿಕೊಡುವ ಯಂತ್ರವೊಂದು ಅಲ್ಲಿ ಸುಗ್ಗಿಯ ಕಾಲದಲ್ಲಿ ಬೆಳಗಿನಿಂದ ಸಂಜೆಯ ತನಕ ಗರ್ಜಿಸುತ್ತದೆ. ಅದರ ಸದ್ದನ್ನು ಮೀರಿಸಲೆಂದು ಸಾಹೇಬರು ಪಕ್ಕದಲ್ಲೇ ಟೇಪ್‌ರೆಕಾರ್ಡರ್ ಇಟ್ಟು, ಅದರ ವಾಲ್ಯೂಮನ್ನು ಕೊನೆಯ ತನಕ ತಿರುಗಿಸಿ, ಇಂಗ್ಲಿಷ್ ರಾಕ್ ಹಾಡುಗಳನ್ನು ಹಾಕುತ್ತಿದ್ದರು. ಯಂತ್ರ ಇನ್ನೂ ಜೋರಾಗುವುದು, ಇವರು ಟೇಪನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಳ್ಳುವುದು. ದಶಕಗಳ ಈ ಜಗಳದಲ್ಲಿ ಸೋತದ್ದು ಕಿವಿ. ಈಗ ಮಿಲ್ಲನ್ನು ಮಗಳು ಅರ್ಷಿಯಾ ನೋಡಿಕೊಳ್ಳುತ್ತಾಳೆ. ಅವಳು ಕಿವಿಗೆ ಹತ್ತಿ ಇಟ್ಟುಕೊಂಡೇ ಯಂತ್ರದ ಬಳಿ ನಿಲ್ಲುವಷ್ಟು ಬುದ್ಧಿವಂತೆ.

ವೃತ್ತಿಯ ಭಾಷೆ ಸಾಹೇಬರ ರಸವಿಮರ್ಶೆಗೂ ಇಳಿದಿದೆ. ಒಂದು ಮೂಟೆ ಒಣಕಾಯಿಗೆ ಎಷ್ಟು ಬೀಜ ದಕ್ಕುತ್ತದೆ ಎನ್ನುವುದಕ್ಕೆ ನಮ್ಮ ಕಡೆ ಔಟ್‌ಟರ್ನ್ ಎನ್ನುತ್ತಾರೆ. ಸಾಹೇಬರ ಪ್ರಕಾರ ಹಾಡಿಗೂ ಔಟ್‌ಟರ್ನ್ ಇರುತ್ತದೆ. ‘ಇದ್ರಲ್ಲಿ ಸಿಪ್ಪೆ ಜಾಸ್ತಿ, ಬೀಜ ಕಮ್ಮಿ’ ಎಂದರೆ ಹಾಡಿಗೆ ಆಡಂಬರ ಹೆಚ್ಚಾಯಿತು ಎಂದರ್ಥ. ವಿರಹದ ಪಾಪ್ ಗೀತೆಯೊಂದು ತೀರಾ ಗೋಳಾಡಿದರೆ ‘ಇನ್ನೂ ಹಸಿ ಐತೆ, ನಾಕು ಬಿಸ್ಲು ಬೇಕು’ ಎನ್ನುತ್ತಾರೆ. ಕಾವ್ಯಮೀಮಾಂಸೆಯನ್ನು ಮೂರು ದಶಕ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದ ನನಗೆ, ಇಷ್ಟು ಅಡಕವಾದ ವಿಮರ್ಶೆ ಒಂದು ದಿನವೂ ಬಾಯಿಗೆ ಬರಲಿಲ್ಲ ಎಂಬ ಹೊಟ್ಟೆಯುರಿ ಇದ್ದೇ ಇದೆ. ಆದರೆ ಅವರ ಅಭಿಪ್ರಾಯಗಳೆಲ್ಲ ಸರಿಯೆಂದು ನಾನು ಒಪ್ಪುವುದಿಲ್ಲ. ಕೊಳಲು ಬಂದ ಯಾವ ಹಾಡನ್ನೂ ಅವರು ಸಹಿಸುವುದಿಲ್ಲ, ಕೊಳಲು ‘ಲಾರಿಯ ಗಾಳಿ ಸೋರಿದಂಗೆ’ ಅಂತೆ. 

ಈ ಹುಚ್ಚು ಅವರಿಗೆ ಹತ್ತಿದ್ದು ಮಂಗಳೂರಿನಲ್ಲಿ. ಮಿಲ್ಲು ಇಡುವ ಮೊದಲು ಅವರು ಕಾಫಿ ಮೂಟೆಗಳ ಲಾರಿಯನ್ನು ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಮುಟ್ಟಿಸಿ, ಖಾಲಿ ಲಾರಿ ಹತ್ತಿಸಿಕೊಂಡು ಬರುತ್ತಿದ್ದರು. ಬಂದರಿನ ಹತ್ತಿರದ ಅಂಗಡಿಗಳಲ್ಲಿ ಕೊಲ್ಲಿ ದೇಶದ ಸೆಂಟು, ಟಾರ್ಚುಗಳ ನಡುವೆ ಇಂಗ್ಲಿಷ್ ಕ್ಯಾಸೆಟ್ಟುಗಳು ಸಿಗುತ್ತಿದ್ದವು. ಹಾಡುಗಾರ ಯಾರು, ಹಾಡು ಯಾವುದು ಎಂದು ತಿಳಿಯದೆ, ಮೇಲಿನ ಚಿತ್ರ ನೋಡಿಯೇ ಆರಿಸುತ್ತಿದ್ದರು. ಉದ್ದಕೂದಲಿನ ಗಂಡಸರು ಸಾಲಾಗಿ ಸಿಟ್ಟಿನಿಂದ ನಿಂತಿದ್ದರೆ ಒಳ್ಳೆಯ ಕ್ಯಾಸೆಟ್ಟು, ನಗುತ್ತಿದ್ದರೆ ಅಷ್ಟಕ್ಕಷ್ಟೆ ಎಂಬುದು ಆಗ ಅವರು ಕಂಡುಕೊಂಡ ಸೂತ್ರ. ಘಾಟಿಯ ಬುಡದ ಗುಂಡ್ಯದಲ್ಲಿ ಚಹಾ ಕುಡಿದು ಕ್ಯಾಸೆಟ್ಟು ಒತ್ತಿದರೆ, ಘಾಟಿ ಹತ್ತಿ ಮಾರನಹಳ್ಳಿ ಸೇರುವಾಗ ಒಂದು ಬದಿ ಮುಗಿಯುತ್ತಿತ್ತು. ಹಾಗಾಗಿ ಅವರ ಮನಸ್ಸಿನಲ್ಲಿ ಹಾಡುಗಳು ಇರುವುದು ಹೆಸರಿನಿಂದಲ್ಲ, ತಿರುವುಗಳಿಂದ. ‘ಗುಂಡ್ಯದ ಹಾಡು’ ಎಂದರೆ ಹೆಂಗಸರ ದನಿಗಳು ಒಟ್ಟಾಗಿ ಎದ್ದುಬರುವ ಒಂದು ಗೀತೆ. ‘ಪಂಚರ್ ಹಾಡು’ ಎಂದರೆ ಗಿಟಾರು ಮುಗಿಯುವುದೇ ಇಲ್ಲವೇನೋ ಎಂಬಂತೆ ನುಡಿಸುವ ಇನ್ನೊಂದು. ಅದು ಕ್ಯಾಸೆಟ್ಟಿನಲ್ಲಿ ಬರುವಾಗ ಟೈರು ಒಡೆದಿತ್ತಂತೆ, ಸಾಹೇಬರು ಹಾಡು ಮುಗಿಯುವ ತನಕ ಇಳಿಯಲಿಲ್ಲವಂತೆ. ನಮ್ಮ ಕೂಟದಲ್ಲೂ ಈಗ ಇವೇ ಹೆಸರು. ನಿಜವಾದ ಹೆಸರು ನಮ್ಮ ಜೊತೆಗಾರ ಬಾಲುವಿನ ಫೋನಿಗೆ ಮಾತ್ರ ಗೊತ್ತು.

ಕೂಟ ಎಂದೆ. ಅದು ದೊಡ್ಡದೇನಲ್ಲ, ನಾಲ್ಕೇ ಜನ. ಭಾನುವಾರ ಮಧ್ಯಾಹ್ನ ಮಿಲ್ಲಿಗೆ ರಜೆ, ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳ ಮೇಲೆ ಕೂತು ಒಬ್ಬೊಬ್ಬರು ಒಂದೊಂದು ಹಳೆಯ ಹಾಡನ್ನು ಉಳಿದವರಿಗೆ ಕೇಳಿಸಬೇಕು. ಹಾಡಿಗೆ ಮೊದಲು, ಅದನ್ನು ತಾವು ಎಲ್ಲಿ ಕೇಳಿದಿರಿ, ಆಗ ಏನಾಗಿತ್ತು ಎಂಬುದನ್ನು ಹೇಳಲೇಬೇಕು. ಈ ನಿಯಮವನ್ನು ಯಾರೂ ಮಾಡಿದ್ದಲ್ಲ. ಶುರುವಿನಲ್ಲಿ ಕ್ಯಾಸೆಟ್ಟುಗಳೇ ಇದ್ದವಲ್ಲ, ಬೇಕಾದ ಹಾಡು ಟೇಪಿನ ಯಾವ ಮೂಲೆಯಲ್ಲಿದೆಯೋ ಹುಡುಕಿ ಸುತ್ತಬೇಕಿತ್ತು, ಸುತ್ತುವಷ್ಟು ಹೊತ್ತು ಸುಮ್ಮನೆ ಮುಖ ಮುಖ ನೋಡಿಕೊಂಡು ಕೂರುವುದು ಹೇಗೆ? ತಂದವರು ಮಾತಾಡುತ್ತಿದ್ದರು. ಟೇಪು ಹೋಗಿ ಫೋನು ಬಂದ ಮೇಲೆ ಬೆರಳು ಮುಟ್ಟಿದ ಕೂಡಲೇ ಹಾಡು ಬರುತ್ತದೆ, ಸುತ್ತುವುದೇನೂ ಇಲ್ಲ. ಆದರೂ ಮಾತು ನಿಲ್ಲಲಿಲ್ಲ. ಸುಮ್ಮನೆ ಹಾಡು ಒತ್ತಲು ಹೋದವರನ್ನು ಸಾಹೇಬರು ಈಗಲೂ ತಡೆಯುತ್ತಾರೆ: ‘ತಡೀರಿ, ಇನ್ನೂ ಟೇಪು ಸುತ್ತಿಲ್ಲ.’

ಅಲ್ಲಿ ನಾನು ಕೇಳಿದ ಕಥೆಗಳಲ್ಲಿ ಕೆಲವು ಹಾಡುಗಳಿಗಿಂತ ಚೆನ್ನಾಗಿದ್ದವು. ಸುಮಿತ್ರಮ್ಮ ಕುಂದೂರು ಕಡೆಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರಾಗಿದ್ದವರು. ಈಗಲೂ ನೇರವಾಗಿ ಕೂರುತ್ತಾರೆ, ನಮ್ಮ ಬೆನ್ನು ಬಾಗಿದರೆ ಗದರುತ್ತಾರೆ. ಒಂದು ಸ್ವಾತಂತ್ರ್ಯೋತ್ಸವದ ಹಿಂದಿನ ವಾರ ಶಾಲೆಯ ಡ್ರಮ್ಮಿನ ಚರ್ಮ ಹರಿಯಿತಂತೆ. ಡ್ರಿಲ್ ಮಾಡಿಸಲು ತಾಳವಿಲ್ಲ. ತಮ್ಮನ ಟ್ರಂಕಿನಲ್ಲಿದ್ದ ಒಂದು ಡಿಸ್ಕೊ ಕ್ಯಾಸೆಟ್ಟು ತಂದು ಮೈಕಿಗೆ ಹಚ್ಚಿದರು. ಮಕ್ಕಳು ಎಂದೂ ಇಲ್ಲದಷ್ಟು ಶಿಸ್ತಾಗಿ ಕೈ ಎತ್ತಿ ಕಾಲು ಬಡಿದರು. ಬಂದಿದ್ದ ಅತಿಥಿಗಳು ‘ಬಹಳ ದೇಶಭಕ್ತಿಯ ಗೀತೆ’ ಎಂದು ಮೆಚ್ಚಿಕೊಂಡು ಹೋದರಂತೆ. ‘ಅದ್ರಲ್ಲಿದ್ದದ್ದು ಬರೀ ಕುಣಿಯೋಣ ಬಾ, ಕುಣಿಯೋಣ ಬಾ ಅಂತ. ನಾನು ಹೂಂ ಸಾರ್ ಅಂದೆ’ ಎಂದು ಸುಮಿತ್ರಮ್ಮ ಗಂಭೀರವಾಗಿ ಹೇಳಿದಾಗ ಸಾಹೇಬರು ಗೋಣಿಚೀಲದಿಂದ ಜಾರಿ ಬಿದ್ದಿದ್ದರು.

ಬಾಲು ನಮ್ಮಲ್ಲಿ ಚಿಕ್ಕವನು, ನಲವತ್ತರ ಪ್ರಾಯ, ಪಾಳ್ಯದವನು. ಸಕಲೇಶಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಅಣ್ಣ ಮಿಲಿಟರಿಯಿಂದ ರಜೆಗೆ ಬಂದಾಗ ಒಂದು ವಾಕ್‌ಮನ್ ತಂದಿದ್ದನಂತೆ. ಇಯರ್‌ಫೋನಿನ ಬಲಗುಂಡಿ ಅಣ್ಣನಿಗೆ, ಎಡಗುಂಡಿ ತಮ್ಮನಿಗೆ, ಇಬ್ಬರೂ ರಾಗಿ ಕಣದ ಬದುವಿನ ಮೇಲೆ ತಲೆಗೆ ತಲೆ ತಾಗಿಸಿ ಮಲಗುವುದು. ಹಳೆಯ ಹಾಡುಗಳಲ್ಲಿ ವಾದ್ಯವನ್ನೆಲ್ಲ ಒಂದು ಬದಿಗೂ ದನಿಯನ್ನು ಇನ್ನೊಂದು ಬದಿಗೂ ಹಾಕುವ ಪದ್ಧತಿಯಿತ್ತು. ಬಾಲುವಿಗೆ ಆ ರಜೆಯುದ್ದಕ್ಕೂ ದಕ್ಕಿದ್ದು ಬರಿಯ ಗಿಟಾರು. ‘ಅಣ್ಣ ಹಾಡ್ತಾ ಇದ್ರೆ, ಇವನೇ ಸೇರಿಸ್ಕಂಡು ಹಾಡ್ತಾವ್ನೆ ಅಂದ್ಕಂಡಿದ್ದೆ ಕಣ್ರೀ. ಹಾಡಲ್ಲಿ ಮಾತೂ ಐತೆ ಅಂತ ಗೊತ್ತಾಗಿದ್ದು ಅವನು ವಾಕ್‌ಮನ್ ನಂಗೆ ಬಿಟ್ಟು ಡ್ಯೂಟಿಗೆ ವಾಪಸ್ ಹೋದ್ಮೇಲೆ. ಎರಡೂ ಗುಂಡಿ ಹಾಕ್ಕಂಡೆ, ಕೇಳಿ ಅಳು ಬಂತು, ಅಣ್ಣ ಇರ್ಲಿಲ್ಲ’ ಎಂದ. ಅವನ ಅಣ್ಣ ಈಗ ಪಿಂಚಣಿ ತಗೊಂಡು ಊರಲ್ಲೇ ಹಾಯಾಗಿದ್ದಾನೆ, ಗಾಬರಿ ಬೇಡ. ಆದರೂ ಆ ದಿನ ಆ ಹಾಡು ಕೇಳುವಾಗ ನಾವೆಲ್ಲ ಎಡಕ್ಕೆ ಬರುವ ಗಿಟಾರನ್ನೇ ಹಿಂಬಾಲಿಸಿದೆವು.

ನಾನು ಈ ಕೂಟಕ್ಕೆ ಬಂದದ್ದು ಆಕಸ್ಮಿಕ. ಮನೆಯಾಕೆಯ ತವರಿನ ಅರ್ಧ ಮೂಟೆ ಕಾಫಿ ಕಾಯಿಯನ್ನು ಆಲೂರಿನಿಂದ ಬಸ್ಸಿಗೆ ಹಾಕಿಕೊಂಡು ಮಿಲ್ಲಿಗೆ ತಂದಿದ್ದೆ. ಭಾನುವಾರ ರಜೆಯೆಂದು ಗೊತ್ತಿರಲಿಲ್ಲ. ಯಂತ್ರ ನಿಲ್ಲಿಸಿದ್ದರು, ಹಿಂದಿನ ಕೋಣೆಯಿಂದ ಪಿಯಾನೊ ಕೇಳುತ್ತಿತ್ತು. ‘ಮೇಷ್ಟ್ರೇ, ಕೂತ್ಕಳಿ. ನಿಮ್ ಹತ್ರ ಯಾವ ಹಾಡೈತೆ?’ ಎಂದು ಪರಿಚಯವಿಲ್ಲದ ಸಾಹೇಬರು, ನನ್ನ ವೇಷದಿಂದಲೇ ಕಸುಬು ಊಹಿಸಿ, ಕೇಳಿದರು. ಭಾವಗೀತೆಯ ಆಚೆಗೆ ಹೋಗದ ಮನುಷ್ಯ ನಾನು. ಮೈಸೂರಿನ ಹಾಸ್ಟೆಲಿನಲ್ಲಿ ಪಕ್ಕದ ರೂಮಿನವನು ಒಂದೇ ಇಂಗ್ಲಿಷ್ ಹಾಡನ್ನು ಬೆಳಗ್ಗೆ ಸಂಜೆ ಹಾಕಿ ನನ್ನ ಪ್ರಾಣ ತಿಂದಿದ್ದ, ಆ ಸಿಟ್ಟನ್ನೇ ಹೇಳಿಕೊಂಡೆ. ಬಾಲು ನನ್ನ ಗೊಣಗಾಟದಿಂದಲೇ ಆ ಹಾಡನ್ನು ಪತ್ತೆ ಮಾಡಿ ಹಾಕಿದ. ಸುಳ್ಳೇಕೆ ಹೇಳಲಿ, ನಾಲ್ಕು ದಶಕದ ಹಗೆ ಆ ನಾಲ್ಕು ನಿಮಿಷದಲ್ಲಿ ಕರಗಿಹೋಯಿತು. ಮುಂದಿನ ಭಾನುವಾರದಿಂದ ಕಾಫಿ ಕಾಯಿಯಿಲ್ಲದೆಯೇ ಬಸ್ಸು ಹತ್ತತೊಡಗಿದೆ.

ಸಾಹೇಬರ ಕಿವಿ ಮಂದವಾಗುತ್ತಿದ್ದುದನ್ನು ನಾವು ಗಮನಿಸಿದ್ದೆವು, ಆದರೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ತೊಡೆಯ ಮೇಲಿನ ಅವರ ಬೆರಳು ಹಾಡಿಗಿಂತ ಮೊದಲೇ ಮುಗಿಯುತ್ತಿತ್ತು, ಇಲ್ಲವೇ ಹಾಡು ಮುಗಿದ ಮೇಲೂ ಆಡುತ್ತಿತ್ತು. ಅವರ ಬೆರಳು ನಿಲ್ಲುವ ತನಕ ನಾವು ಬಾಯಿ ಬಿಡುತ್ತಿರಲಿಲ್ಲ. ಮಳೆಗಾಲದ ಶುರುವಿನಲ್ಲಿ ಸಯೀದಾ ಅವರೂ ಅರ್ಷಿಯಾಳೂ ಹಾಸನಕ್ಕೆ ಕರೆದೊಯ್ದು ಶ್ರವಣಯಂತ್ರ ಹಾಕಿಸಿದರು. ನಮಗೆ ಸಂತೋಷವಾಯಿತು. ಆದರೆ ಅವರು ಹಾಡಿನ ಹೊತ್ತಿಗೆ ಸರಿಯಾಗಿ ಅದನ್ನು ತೆಗೆದಿಡುವುದನ್ನು ಕಂಡು ಒಬ್ಬೊಬ್ಬರು ಒಂದೊಂದು ಲೆಕ್ಕ ಹಾಕಿದೆವು. ಮಾತು ಕೇಳಲು ಪಾಪ ಕತ್ತು ಚಾಚಿ, ಹುಬ್ಬು ಗಂಟಿಕ್ಕಿ ಶ್ರಮಪಡುತ್ತಾರೆ, ಆ ದಣಿವಿಗೆ ಹಾಡು ಬರುವಷ್ಟರಲ್ಲಿ ಕಿವಿ ಸೋತು ಯಂತ್ರವೇ ಬೇಡವಾಗುತ್ತದೆ ಎಂದು ಸುಮಿತ್ರಮ್ಮ ಅಂದರು. ಅದು ನಮಗೆಲ್ಲ ಸರಿಯೆನಿಸಿತು.

ಹಾಗಾಗಿ ನಮ್ಮ ದಯೆ ಕೆಲಸಕ್ಕೆ ಇಳಿಯಿತು. ಬಾಲು, ಮದುವೆ ಚಪ್ಪರಕ್ಕೆ ಬಾಡಿಗೆಗೆ ಕೊಡುವಂಥ, ಆಳೆತ್ತರದ ಒಂದು ಸ್ಪೀಕರು ತಂದು ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ. ‘ಮಾತು ಕಮ್ಮಿ ಮಾಡನ ಮೇಷ್ಟ್ರೇ. ಸಾಹೇಬ್ರಿಗೆ ಕಷ್ಟ ಆಗ್ತೈತೆ. ಹಾಡು ಜೋರಾಗಿ ಹಾಕಿದ್ರೆ ಮಿಶಿನ್ ಇಲ್ದೇನೂ ಕೇಳ್ಸತ್ತೆ’ ಎಂದ. ಕಥೆಗಳನ್ನು ಕತ್ತರಿಸಿದೆವು. ಬಂದದ್ದು, ಕೂತದ್ದು, ಒತ್ತಿದ್ದು. ಸ್ಪೀಕರಿನ ಹೊಡೆತಕ್ಕೆ ಹಂಚಿನ ಸಂದಿಯಿಂದ ಕಾಫಿ ಸಿಪ್ಪೆಯ ಧೂಳು ಉದುರುತ್ತಿತ್ತು. ಸಾಹೇಬರು ಒಂದೆರಡು ವಾರ ‘ಟೇಪು ಸುತ್ತಿಲ್ಲವಲ್ಲ’ ಎಂದು ನೋಡಿದರು. ‘ಇರ್ಲಿ ಸಾಹೇಬ್ರೇ, ನೀವು ಆರಾಮಾಗಿ ಕೇಳಿ’ ಎಂದೆವು. ಆಮೇಲೆ ಅವರು ಬರುವುದನ್ನೇ ನಿಲ್ಲಿಸಿದರು. ಅವರದೇ ಮಿಲ್ಲು, ಅವರದೇ ಕೋಣೆ, ಮಗ್ಗುಲಲ್ಲೇ ಅವರ ಮನೆ. ಕೀಲಿ ಮಾತ್ರ ಅರ್ಷಿಯಾಳ ಕೈಯಲ್ಲಿ ಬರುತ್ತಿತ್ತು.

ಮೂವರೇ ಕೂತು ಕೇಳಿದ ಹಾಡುಗಳು ಯಾವುವೂ ರುಚಿಸಲಿಲ್ಲ. ಶ್ರಾವಣ ಕಳೆಯುವ ಹೊತ್ತಿಗೆ ತಡೆಯಲಾರದೆ ನಾನು ಅವರ ಮನೆಯ ಬಾಗಿಲು ತಟ್ಟಿದೆ. ಸಯೀದಾ ಬಾಗಿಲು ತೆಗೆದವರೇ ದನಿ ತಗ್ಗಿಸಿದರು. ‘ಬನ್ನಿ ಮೇಷ್ಟ್ರೇ, ನೀವಾದ್ರೂ ಕೇಳಿ. ಭಾನುವಾರ ಬಂತು ಅಂದ್ರೆ ಊಟ ಮುಗಿಸಿ ಕೋಟು ಹಾಕ್ಕಂಡು ಬಾಗ್ಲತಾವ ನಿಂತ್ಕತಾರೆ. ನಿಮ್ಮ ಹಾಡು ಶುರುವಾಗಿ ಗೋಡೆ ಅದ್ರತದಲ್ಲ, ಅಂಗೈ ಇಟ್ಟು ನೋಡ್ತಾರೆ. ಆಮೇಲೆ ಕೋಟು ಬಿಚ್ಚಿ ಮೊಳೆಗೆ ಹಾಕ್ತಾರೆ. ಆ ಕೋಟು ಬಿಚ್ಚಲಿ ಅಂತ ಎಷ್ಟು ವರ್ಷದಿಂದ ಹೇಳ್ತಾ ಇದ್ದೆ, ಈಗ ಬಿಚ್ಚಿದ್ರೆ ನಾನೇ ಹಾಕ್ಕಳ್ಳಿ ಅಂತೀನಿ.’

ಸಾಹೇಬರು ಒಳಗಿನ ಮಂಚದ ಮೇಲೆ ಕೂತಿದ್ದರು. ಕೋಟಿಲ್ಲದ ಅವರನ್ನು ನಾನು ಕಂಡದ್ದು ಅದೇ ಮೊದಲು, ಅವರು ಇಷ್ಟು ಸಣಕಲು ಮನುಷ್ಯರೆಂದು ಗೊತ್ತಿರಲಿಲ್ಲ. ಯಂತ್ರವನ್ನು ಕಿವಿಗೆ ಇಟ್ಟುಕೊಂಡು ಹತ್ತಿರ ಕರೆದರು.

‘ನಿಮ್ಮೇಲೆ ಸಿಟ್ಟೇನಿಲ್ಲ’ ಎಂದು ಶುರುಮಾಡಿದರು. ‘ಈ ಮಿಶಿನ್ ಐತಲ್ಲ, ಇದು ಮಾತು ಕೇಳ್ಸಾಕೆ ಮಾಡಿರೋದು. ಮಾತು ಚೆನ್ನಾಗೇ ಕೇಳ್ಸತ್ತೆ, ಸಯೀದಾ ಅಡಿಗೆಮನೇಲಿ ಬಯ್ಯೋದೂ ಕೇಳ್ಸತ್ತೆ. ಹಾಡು ಹಾಕಿದ್ರೆ ಮಾತ್ರ ತಗಡಿನ ಡಬ್ಬಕ್ಕೆ ಕಲ್ಲು ತುಂಬಿ ಅಲ್ಲಾಡಿಸ್ದಂಗೆ. ತಂದ ದಿನ ಆಸೆಯಿಂದ ಗುಂಡ್ಯದ ಹಾಡು ಹಾಕ್ಕಂಡು ಕೂತೆ. ಆ ಹೆಂಗಸ್ರ ದನಿ ಇತ್ತಲ್ಲ ಮೇಷ್ಟ್ರೇ, ಅದು ಎಲ್ಲೂ ಇಲ್ಲ. ಡಾಕ್ಟ್ರು ತಿರುಗಿಸಿ ಮುರುಗಿಸಿ ನೋಡಿದ್ರು. ನನ್ ಕಿವಿಗೆ ಇಷ್ಟೇನೆ ಅಂದ್ರು.’

‘ಅದಕ್ಕೇ ತೆಗೆದಿಡ್ತೀರಾ?’ ಎಂದು ಕೇಳಿದೆ.

‘ಅಷ್ಟೇ ಆಗಿದ್ರೆ ಸಹಿಸ್ಕಂತಿದ್ದೆ. ಮಾರನೇ ದಿನ ಮಿಶಿನ್ ತೆಗ್ದು, ಆ ಹಾಡನ್ನ ಸುಮ್ನೆ ಒಳಗೇ ನೆನಸ್ಕಳಾಕೆ ಹೋದ್ರೆ ಡಬ್ಬದ ಸದ್ದೇ ಬರ್ತಾ ಇತ್ತು. ಅಸಲಿ ಹಾಡು ಹೋಗ್ಬುಟ್ಟಿತ್ತು. ಎಷ್ಟೋ ದಿನ ಕಾದ್ಮೇಲೆ ಮೆಲ್ಲಗೆ ವಾಪಸ್ ಬಂತು. ಅವತ್ತು ಹೆದ್ರಿಬಿಟ್ಟೆ ಮಾರಾಯ್ರೆ. ಇನ್ನು ನಾಕು ಸಲ ಹಂಗೇ ಕೇಳಿದ್ರೆ ಒಳಗಿರೋದೆಲ್ಲ ಕೆಟ್ಟೋಗ್ತದೆ. ಕಿವಿ ಹೋದ್ರೆ ಹೋಗ್ಲಿ, ಒಳಗಿರೋದು ಹೋದ್ರೆ ನಾನೇನು ಮಾಡ್ಲಿ?’

ಹಾಗಿದ್ದರೆ ನಮ್ಮ ಜೊತೆ ಅಷ್ಟು ದಿನ ಕೂತದ್ದು ಯಾಕೆ ಎಂದು ಕೇಳಿದೆ.

‘ಮಾತಿಗೆ’ ಎಂದರು. ‘ಹಳೇವು ಒಳಗವೆ, ಆದ್ರೆ ಮಲಗವೆ. ಟೀಚರಮ್ಮ ಡ್ರಿಲ್ಲಿನ ಕತೆ ಹೇಳಿದ್ರೆ ಆ ಹಾಡು ತಾನಾಗೇ ಎದ್ದು ಬರ್ತದೆ. ಇನ್ನು ನಾನು ಕೇಳ್ದೇ ಇರೋ ಹಾಡು ಎಷ್ಟವೆ. ಅವು ನನ್ನತಾವ ಬರಾಕೆ ಬೇರೆ ದಾರಿ ಇಲ್ಲ, ಯಾರಾದ್ರೂ ಹೇಳಿದ್ರುಂಟು. ನೀವು ಮಾತು ನಿಲ್ಸಿದ್ರಿ. ಆ ದೊಡ್ಡ ಡಬ್ಬ ತಂದ್ರಿ. ಅದು ಎದೆಗೇ ಗುದ್ದತ್ತೆ, ಒಳಗೆ ನಡೀತಾ ಇರೋ ಹಾಡು ತಾಳ ತಪ್ಪತ್ತೆ. ನನ್ ಒಳ್ಳೇದಕ್ಕೇ ಮಾಡಿದ್ರಿ ಅಂತ ಗೊತ್ತು. ಹೆಂಗೆ ಬ್ಯಾಡ ಅನ್ನಲಿ?’

ನನಗೆ ಅಳು ಬಂತು, ಮುಚ್ಚಿಡಲಿಲ್ಲ. ಸಾಹೇಬರು ಗಾಬರಿಯಾಗಿ ‘ಸಯೀದಾ, ಮೇಷ್ಟ್ರಿಗೆ ಚಾ ತಗಂಬಾ’ ಎಂದು ಕೂಗಿದರು.

ಮುಂದಿನ ಭಾನುವಾರ ಸ್ಪೀಕರು ಒಂದು ಮದುವೆಗೆ ಬಾಡಿಗೆಗೆ ಹೋಯಿತು, ಮತ್ತೆ ಬರಲಿಲ್ಲ. ಬಾಲು ಅದನ್ನು ಹೊತ್ತೊಯ್ಯುವಾಗ ಸಾಹೇಬರ ಮುಖ ನೋಡಲಾರದೆ ನಾಚಿ ನಿಂತ. ‘ನಿನ್ನ ಡಬ್ಬಕ್ಕೆ ಔಟ್‌ಟರ್ನ್ ಇಲ್ಲ ಕಣೋ’ ಎಂದು ಸಾಹೇಬರೇ ಬೆನ್ನು ತಟ್ಟಿದ ಮೇಲೆ ನಕ್ಕ. ಕಥೆಗಳು ಮತ್ತೆ ಶುರುವಾದವು, ಮೊದಲಿಗಿಂತ ಉದ್ದವಾಗಿಯೇ. ಈಗ ಎಲ್ಲಿ ಕೇಳಿದಿರಿ ಎಂಬುದರ ಜೊತೆಗೆ ಹಾಡಿನಲ್ಲಿ ಏನೇನಾಗುತ್ತದೆ ಎಂಬುದನ್ನೂ ಹೇಳಬೇಕು. ಸಾಹೇಬರು ವಕೀಲರ ಹಾಗೆ ಪಾಟೀಸವಾಲು ಹಾಕುತ್ತಾರೆ. ಗಿಟಾರು ಒಂದೋ ಎರಡೋ, ದನಿ ದಪ್ಪವೋ ತೆಳ್ಳಗೋ, ಎಲ್ಲರೂ ಸುಮ್ಮನಾಗುವ ಜಾಗ ಇದೆಯೋ ಇಲ್ಲವೋ. ಉತ್ತರದಿಂದ ತೃಪ್ತಿಯಾದ ಮೇಲೆಯೇ ಕರ್ಚೀಫು ಹೊರಬರುವುದು. ಇದರಿಂದ ನಮಗಾದ ಲಾಭ ದೊಡ್ಡದು. ಅವರಿಗೆ ಹೇಳಬೇಕಲ್ಲ ಎಂಬ ಭಯಕ್ಕೆ ನಾವು ಹಾಡುಗಳನ್ನು ಕಿವಿಗೊಟ್ಟು ಕೇಳತೊಡಗಿದೆವು.

ಕಳೆದ ಸುಗ್ಗಿಯಲ್ಲಿ ಸುಮಿತ್ರಮ್ಮ ನಮ್ಮ ಪೈಕಿ ಯಾರೂ ಕೇಳಿರದ ಒಂದು ಹಾಡು ತಂದರು. ಐವತ್ತು ವರ್ಷ ಹಳೆಯದಂತೆ, ಅವರ ಕಿವಿಗೆ ಬಿದ್ದದ್ದು ಮಾತ್ರ ಹಿಂದಿನ ವಾರ, ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, ಫೋನಿನಲ್ಲಿ ಒಂದರ ಹಿಂದೊಂದು ತಾನಾಗಿ ಬರುತ್ತವಲ್ಲ ಹಾಗೆ. ‘ಮೊದ್ಲು ಪಿಯಾನೊ ಒಂದೇ. ಆಮೇಲೆ ಗಂಡಸಿನ ದನಿ. ಏನೋ ಕೇಳಾಕೆ ಬಂದು, ಕೇಳ್ದೇನೇ ಬಾಗ್ಲಲ್ಲಿ ನಿಂತಿರ್ತಾರಲ್ಲ, ಹಂಗೆ. ಡ್ರಮ್ಮು ಈಗ ಬರತ್ತೆ ಈಗ ಬರತ್ತೆ ಅಂತ ಕಾಯ್ತೀವಿ, ಬರಾದೇ ಇಲ್ಲ. ಹಾಡು ಇನ್ನೇನು ಮುಗೀತು ಅನ್ನೋವಾಗ ಬರತ್ತೆ ಸಾಹೇಬ್ರೇ. ನಾನು ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ಸುಮ್ನೆ ಕೂತ್ಬುಟ್ಟೆ’ ಎಂದರು. ಡ್ರಮ್ಮು ಜೋರೋ ಮೆತ್ತಗೋ ಎಂದು ಸಾಹೇಬರು ಕೇಳಿದರು. ಮೆತ್ತಗೆ, ತಪ್ಪಾಯಿತು ಅನ್ನುವ ಹಾಗೆ ಎಂದರು ಟೀಚರು. ಇಡೀ ವರ್ಣನೆಯನ್ನು ಮತ್ತೊಮ್ಮೆ ಹೇಳಿಸಿಕೊಂಡು, ಯಂತ್ರ ತೆಗೆದಿಟ್ಟು, ಸಾಹೇಬರು ಸುಮಿತ್ರಮ್ಮನ ಮುಖವನ್ನೇ ನೋಡುತ್ತ ಕೂತರು. ಬೆರಳು ಅಲ್ಲಾಡಲಿಲ್ಲ. ಡ್ರಮ್ಮು ಬಂದಾಗ ಸುಮಿತ್ರಮ್ಮನ ಹುಬ್ಬು ತಾನಾಗಿ ಮೇಲೆದ್ದಿತು, ಸಾಹೇಬರ ಬೆರಳು ಒಂದು ಸಲ ತೊಡೆಯನ್ನು ಮುಟ್ಟಿತು.

ಆ ವಾರದಲ್ಲೇ ನಾನು ಮತ್ತೆ ಅರ್ಧ ಮೂಟೆ ಹೊತ್ತು ಮಿಲ್ಲಿಗೆ ಹೋಗಿದ್ದೆ. ಕರೆಂಟು ಹೋಗಿ ಯಂತ್ರ ನಿಂತಿತ್ತು. ಪಾಳ್ಯದ ಕಡೆಯ ಬೆಳೆಗಾರ ಸಿದ್ದಬಸಪ್ಪ ಸರದಿಗಾಗಿ ಕಾಯುತ್ತಿದ್ದ. ಆ ವರ್ಷ ಅವನ ತಾಯಿ ತೀರಿಕೊಂಡಿದ್ದರು, ಮನುಷ್ಯ ಯಾರೊಡನೆಯೂ ಮಾತಿಲ್ಲದೆ ಮಂಕಾಗಿದ್ದ. ಸಾಹೇಬರು ಅವನ ಪಕ್ಕ ಹೋಗಿ ಕೂತರು.

‘ಸಿದ್ದಬಸಪ್ಪ, ಒಂದು ಹಾಡೈತೆ ಕಣೋ. ನೀನು ಕೇಳ್ಬೇಕು’ ಎಂದು ಶುರುಮಾಡಿ, ಪಿಯಾನೊ, ಬಾಗಿಲಲ್ಲಿ ನಿಂತ ದನಿ, ಕಾಯಿಸಿ ಕಾಯಿಸಿ ಕೊನೆಗೆ ಬರುವ ಡ್ರಮ್ಮು, ಎಲ್ಲವನ್ನೂ ಹೇಳಿದರು. ಅವರೆಕಾಯಿಯನ್ನೂ ಬಿಡಲಿಲ್ಲ. ನಂಗೆ ಇಂಗ್ಲಿಷ್ ಬರಾಕಿಲ್ಲ ಎಂದು ಸಿದ್ದಬಸಪ್ಪ ಕೊಸರಾಡಿದ. ‘ನಂಗೂ ಬರಾಕಿಲ್ಲ, ಕೇಳು’ ಎಂದರು. ಬಾಲುವಿಗೆ ಫೋನು ಹಚ್ಚಿಸಿ ಹಾಡನ್ನು ಅವನ ಫೋನಿಗೆ ತರಿಸಿಕೊಟ್ಟರು. ಅವನು ಸಂಕೋಚದಿಂದ ತನ್ನ ಪಿಕಪ್ಪಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಸಾಹೇಬರು ಅಂಗಳದಲ್ಲಿ ನಿಂತು, ಗಾಜಿನಾಚೆಯ ಅವನ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದರು. ಹಾಡು ಮುಗಿದಿರಬೇಕು, ಆದರೂ ಅವನು ಬೇಗ ಇಳಿಯಲಿಲ್ಲ. ಇಳಿದು ಬಂದಾಗ ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

‘ಡ್ರಮ್ಮು ಬಂತಾ?’ ಎಂದರು ಸಾಹೇಬರು.

‘ಬಂತು. ನೀವು ಹೇಳ್ದಂಗೇ ಬಂತು. ಅವ್ವ ನೆನಪಾದ್ಲು’ ಎಂದ ಸಿದ್ದಬಸಪ್ಪ. ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ‘ಈ ಹಾಡನ್ನ ನೀವು ಎಷ್ಟು ಸಲ ಕೇಳಿದ್ದೀರಿ ಸಾಹೇಬ್ರೇ?’ ಎಂದು ಕೇಳಿದ.

‘ಈಗ ನೀನು ಕೇಳಿದ್ಯಲ್ಲಪ್ಪಾ’ ಎಂದರು ನಸ್ರುಲ್ಲಾ ಸಾಹೇಬರು, ‘ಅದೊಂದೇ ಸಲ.’

ಪ್ರತಿ ಊರಿನಲ್ಲೂ ಇಂಥವರು ಒಬ್ಬಿಬ್ಬರು ಇರುತ್ತಾರೆ. ದಾರಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸಿ, ಇದನ್ನು ಕೇಳಿದ್ದೀರಾ, ಅದನ್ನು ಕೇಳಲೇಬೇಕು ಎಂದು ಕಾಡುತ್ತಾರೆ, ನಾವು ಕೆಲಸದ ನೆಪ ಹೇಳಿ ತಪ್ಪಿಸಿಕೊಳ್ಳುತ್ತೇವೆ. ಅವರು ನಮಗೆ ಹಾಡು ಕೊಡುತ್ತಿದ್ದಾರೆ ಎಂದೇ ನಮ್ಮ ಭಾವನೆ. ತನಗೆ ಪ್ರಿಯವಾದುದು ಇನ್ನೊಬ್ಬನ ಮುಖದಲ್ಲಿ ಅರಳುವುದನ್ನು ಕಂಡ ಹೊರತು ತನಗೂ ಅದು ದಕ್ಕಿತೆನ್ನಿಸದ ಈ ಜನ, ನಿಜದಲ್ಲಿ ನಮ್ಮ ಹತ್ತಿರ ಕೇಳಲು ಬಂದಿರುತ್ತಾರೆ. ನಮ್ಮ ಕಿವಿಯನ್ನು ಅವರಿಗೆ ಸ್ವಲ್ಪ ಹೊತ್ತು ಕೊಡುವುದಷ್ಟೇ ನಮ್ಮಿಂದ ಆಗಬೇಕಾದ ಕೆಲಸ.